ಸಂದೀಪನ ಮಂತ್ರ

"ಅಂವ ಕಲ್ತ ಮಂತ್ರಾನ ವಾಪಸ್ ತಕಣಿ," ಎನ್ನುತ್ತ ಮಾಸ್ತಮ್ಮ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆಯನ್ನು ಮೇಜಿನ ಮೇಲಿಟ್ಟು ಅಮೃತನಿಗೆ ಕೈಮುಗಿದಳು.

ಅಮೃತ ಕುರ್ಚಿಯಿಂದ ಎದ್ದೇಬಿಟ್ಟ. ತಾಯಿಯ ವಯಸ್ಸಿನವಳು ಕೈಮುಗಿದರೆ ಕೂತಿರುವುದಾದರೂ ಹೇಗೆ? ಅಂಕೋಲೆ ಬಸ್‌ಸ್ಟ್ಯಾಂಡಿನ ಹಿಂದಿನ ಆ ಮಹಡಿಯ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನದ ಸೆಕೆ. ಕಿಟಕಿಯ ಪರದೆ ಉಬ್ಬುತ್ತ ಇಳಿಯುತ್ತ ಇತ್ತು, ಕೆಳಗೆ ಊರೆಲ್ಲ ಉಂಡು ಮಲಗಿತ್ತು. ಮೇಜಿನ ಮೇಲೆ ಬಣ್ಣಬಣ್ಣದ ದಾಳಗಳು, ಪೆನ್ಸಿಲ್ಲಿನಲ್ಲಿ ಗೀಚಿದ ಒಂದು ನಕಾಶೆ. ಹೈಸ್ಕೂಲು ಮಾಸ್ತರ ಅಮೃತ, ಮೊಬೈಲ್ ಅಂಗಡಿಯ ವೈಶಾಲಿ, ಮಂಜಗುಣಿಯ ಸಂದೀಪ, ಮೂವರೂ ಪ್ರತಿ ಭಾನುವಾರ ಇಲ್ಲಿ ವೇಷ ಕಟ್ಟಿಕೊಂಡು ಕಥೆ ನಡೆಸುವ ದಾಳದಾಟ ಆಡುತ್ತಿದ್ದರು. ಆಡಿಸುವವನು ಅಮೃತ. ಸಿಮೆಂಟಿನ ಗೋದಾಮಿನಲ್ಲಿ ಚೀಲ ಹೊರುತ್ತಿದ್ದ ಸಂದೀಪ ಬಾಳೆಗುಳಿ ಕ್ರಾಸಿನಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ಉಳಿದಿಬ್ಬರು ದಾಳ ಮುಟ್ಟಿರಲಿಲ್ಲ. ಸುಮ್ಮನೆ ಬಂದು ಕೂರುತ್ತಿದ್ದರು, ಅಷ್ಟೇ. ಇವತ್ತು ಅವನ ತಾಯಿ ಹುಡುಕಿಕೊಂಡು ಬಂದಿದ್ದಳು.

"ಮಂತ್ರ ಅಲ್ಲಮ್ಮ, ಇದು ಆಟ," ಎಂದ ಅಮೃತ.

"ಆಟ ಹೇಳೇ ಅಂವನೂ ಹೇಳ್ತಿದ್ದ. ಮತ್ತೆ ಬಚ್ಚಲಲ್ಲಿ ಒಬ್ನೇ ನಿಂತ್ಕಂಡು, ನದಿಯೇ ದಾರಿ ಬಿಡು, ನದಿಯೇ ದಾರಿ ಬಿಡು ಹೇಳಿ ಕೂಗೂದು ಎಂತಕ್ಕೆ? ನಾನೇ ಕೇಳಿದೆ." ಮಾಸ್ತಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಅಂವನ ದಿನ ಮಾಡ್ದಾಗ ಎಡೆ ಇಟ್ಟೆ ತಮಾ. ಬಂಗಡೆ ಸಾರು ಅಂದ್ರೆ ಜೀವ ಅಂವಗೆ. ಕಾಗೆ ಬಂತು, ನೋಡ್ತು, ಮುಟ್ಲೇ ಇಲ್ಲ. ಮಂತ್ರ ಕಲ್ತಂವ ಗುರುವಿಗೆ ಒಪ್ಪಿಸ್ದೇ ಸತ್ರೆ ಜೀವಕ್ಕೆ ಬಿಡುಗಡೆ ಇಲ್ಲ ಹೇಳ್ತ್ರು ಊರಲ್ಲಿ. ನನ್ನ ಮಗ ನಡು ದಾರೀಲಿ ನಿಂತ್ಬಿಟ್ಟಾನೆ. ಬಿಡಿಸ್ಕೊಡು."

ಬೇರೆ ದಿನವಾಗಿದ್ದರೆ ವೈಶಾಲಿ ನಕ್ಕು ಉರುಳುತ್ತಿದ್ದಳೇನೋ. ಇವತ್ತು ಅವಳು ಮಾಸ್ತಮ್ಮನ ತೋಳು ಹಿಡಿದು ಕೂರಿಸಿದಳು, ನೀರು ಕೊಟ್ಟಳು. ಅಮೃತ ವಿವರಿಸಲು ಹೋದರೆ ಪಾಠವಾಗುತ್ತದೆಂದು ತಾನೇ ಸುರುಮಾಡಿದಳು.

"ಇದ್ರಲ್ಲಿ ಒಬ್ಬೊಬ್ರದ್ದು ಒಂದೊಂದು ವೇಷ ಅಮ್ಮಾ. ಒಂದೊಂದು ವೇಷಕ್ಕೂ ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಅಂತ ಗುಣ ಇರ್ತದೆ. ಕೊಟ್ಟ ಅಂಕಾನ ನಾವೇ ಹಂಚ್ಕೊಳ್ಬೇಕು. ಓದಿ ಮಂತ್ರ ಕಲ್ತವನಿಗೆ ಬುದ್ಧಿ ಬೇಕು. ದೇವ್ರ ಹತ್ರ ಬೇಡುವವನಿಗೆ ವಿವೇಕ. ಹುಟ್ಟಿನಿಂದ್ಲೇ ಮಂತ್ರ ಬಂದವನಿಗೆ ವರ್ಚಸ್ಸು. ಅವ ಬಾಯಿ ಬಿಟ್ರೆ ಎಲ್ಲರೂ ತಿರುಗಿ ನೋಡ್ಬೇಕು. ಆಗ್ಲೇ ಮಂತ್ರ ಹತ್ತೂದು."

"ನಮ್ಮಂವಗೆ ಬಲ," ಎಂದಳು ಮಾಸ್ತಮ್ಮ. ಮಗ ತೀರಿಕೊಂಡ ದುಃಖದ ನಡುವೆಯೂ ಆ ಮಾತಿನಲ್ಲಿ ಹೆಮ್ಮೆಯಿತ್ತು. "ಎರಡು ಚೀಲ ಒಟ್ಟಿಗೇ ಹೊರ್ತಿದ್ದ."

"ಬಲಕ್ಕೆ ಎಲ್ಲಕ್ಕಿಂತ ಕಮ್ಮಿ ಇಟ್ಟಿದ್ದ," ಎಂದಳು ವೈಶಾಲಿ. "ವಾರವಿಡೀ ಅದನ್ನೇ ಖರ್ಚು ಮಾಡ್ತೆ, ಇಲ್ಲೂ ಬೇಕಾ ಮಾರಾಯ್ತಿ ಅಂದ. ಉಳಿದದ್ದೆಲ್ಲ ವರ್ಚಸ್ಸಿಗೇ ಸುರಿದ."

"ಸಂದೀಪಾ? ನಾಕು ಜನರೆದ್ರು ಬಾಯಿ ಬಿಡೂದಾ?"

ಮಾಸ್ತಮ್ಮನಿಗೆ ನಂಬಿಕೆ ಬರಲಿಲ್ಲ. ಉಣ್ತೀಯೇನಾ ಅಂದರೆ ಹ್ಞೂಂ, ಸಾರು ಹಾಕಲೇನಾ ಅಂದರೆ ಹ್ಞೂಂ. ಆ ಮನೆಯಲ್ಲಿ ಮಗನ ಮಾತೆಂದರೆ ಹೆಚ್ಚುಕಮ್ಮಿ ಅದೊಂದೇ. ನಾನೇನು ಕಲ್ಲು ಹೆತ್ತೆನಾ ಎಂದು ಸಿಟ್ಟಿನಲ್ಲಿ ಬೈದದ್ದೂ ಉಂಟು. ಆ ಬೈಗುಳ ಈಗ ಅವಳ ಎದೆಗೇ ಬಂದು ಚುಚ್ಚಿತು.

"ಇಲ್ಲಿ ಅವನನ್ನ ನಿಲ್ಸೂದೇ ಕಷ್ಟ ಆಗ್ತಿತ್ತು," ಎಂದ ಅಮೃತ. "ನಮ್ಮದೊಂದು ಕಟ್ಟಳೆ. ಮಂತ್ರ ಹಾಕುವವರು ತಮ್ಮದೇ ಮಾತಲ್ಲಿ ಗಟ್ಟಿಯಾಗಿ ಹೇಳ್ಬೇಕು, ಆಮೇಲೇ ದಾಳ. ಕೊನೇ ಸಲ ಅವ ಆಟದಲ್ಲಿ ಒಂದು ದೊಡ್ಡ ನದಿಯ ದಡದಲ್ಲಿ ನಿಂತಿದ್ದ. ಮಂಜು ಅಂದ್ರೆ ಮಂಜು. ಹಿಂದೆ ಊರಿನ ಜನ, ಮಕ್ಕಳು. ದೋಣಿ ಆಚೆ ದಡದಲ್ಲಿ, ದೋಣಿಯವರು ಇಲ್ಲ. ಇವ ಕರೆದ್ರೆ ಅದು ತಾನಾಗೇ ಬರ್ಬೇಕು. ಅಷ್ಟರಲ್ಲಿ ಕೊನೇ ಬಸ್ಸಿನ ಹೊತ್ತಾಯ್ತು. ಮುಂದಿನ ವಾರ ಕರೀತೆ ಅಂತ ಹೇಳಿ ಹೋದ."

ಮಾಸ್ತಮ್ಮ ಕಣ್ಣು ಮುಚ್ಚಿದಳು. ಅವಳಿಗೆ ಕಂಡದ್ದು ತನ್ನೂರಿನ ಹೊಳೆ ಗಂಗಾವಳಿಯೇ. ನೀರು ಯಾವುದು, ಆಕಾಶ ಯಾವುದು ತಿಳಿಯದಂಥ ಬೆಳಗು. ಮೊಣಕಾಲ ತನಕ ನೀರಿಗಿಳಿದು ನಿಂತ ಮಗ. ಬೆನ್ನಷ್ಟೇ ಕಾಣುತ್ತಿತ್ತು. ಹೆಗಲ ಮೇಲೆ ಚೀಲವಿರಲಿಲ್ಲ.

"ನಡುವೇ ನಿಂತಾನೆ ಹೇಳಿದ್ದು ಹೌದಲಾ ಮತ್ತೆ," ಎಂದಳು ಮೆಲ್ಲಗೆ. "ನಾ ಕರೀತೆ. ಆಗೂದಾ?"

ಬೇರೆಯವರ ವೇಷಕ್ಕೆ ದಾಳ ಹಾಕುವಂತಿಲ್ಲ. ಆದರೂ ನಿಯಮವೆಂದರೆ ಪ್ರಾಣ ಬಿಡುವ ಅಮೃತನೇ ಇಪ್ಪತ್ತು ಮುಖದ ನೀಲಿ ದಾಳವನ್ನು ಅವಳ ಅಂಗೈಯಲ್ಲಿಟ್ಟ.

ಮಾಸ್ತಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡು ಕಿಟಕಿಗೆ ಮುಖ ಮಾಡಿದಳು.

"ಓಯ್! ದೋಣೀ! ಈಚೆ ಬಾ! ನನ್ನ ಮಗ ನಿಂತಾನೆ ಇಲ್ಲಿ. ಬಾಳ ಹೊತ್ತಾತು ನಿಂತು. ದಾಟ್ಸು ಅಂವನ್ನ!"

ಅದು ಹೊಳೆ ಕಡಲು ಸೇರುವ ಅಳಿವೆಯ ಈಚೆಯಿಂದ ಆಚೆಗೆ ಮುಟ್ಟುವ ದನಿ. ಕೆಳಗೆ ಯಾರೋ ಬಾಗಿಲು ತೆರೆದರು. ವೈಶಾಲಿ ಬಾಯಿಗೆ ದುಪ್ಪಟ್ಟ ಒತ್ತಿಕೊಂಡಳು. ದಾಳ ಮೇಜಿನ ಮೇಲೆ ಉರುಳಿ ನಕಾಶೆಯ ಅಂಚಿನಲ್ಲಿ ನಿಂತಿತು.

"ದೋಣಿ ಬಂತಮ್ಮಾ," ಎಂದ ಅಮೃತ.

"ಸುಳ್ಳು ಹೇಳ್ಬೇಡ ತಮಾ. ಎರಡು ಬಿದ್ದದೆ. ಅಷ್ಟು ಓದೂಕೆ ಬತ್ತದೆ ನಂಗೆ."

ಅಮೃತ ತಲೆ ತಗ್ಗಿಸಿದ. "ಅವನ ವರ್ಚಸ್ಸಿನ ಅಂಕ ಕೂಡಿಸಿದ್ರೂ ಸಾಲೂದಿಲ್ಲ. ಬರ್ಲಿಲ್ಲ."

ಮಾಸ್ತಮ್ಮ ಆ ಎರಡನ್ನೇ ನೋಡುತ್ತ ಕೂತಳು.

"ಹೀಂಗೆ ಬಿದ್ರೆ ಅಂವ ಎಂತ ಮಾಡ್ತಿದ್ದ?"

"ನಗ್ತಿದ್ದ," ಎಂದಳು ವೈಶಾಲಿ. "ಗೆದ್ದಾಗ ಅಷ್ಟು ಇಲ್ಲ. ಸೋತ್ರೆ ಮಾತ್ರ ಹೊಟ್ಟೆ ಹಿಡ್ಕೊಂಡು ನಗ್ತಿದ್ದ."

"ನಗ್ತಿದ್ನಾ?" ಮಾಸ್ತಮ್ಮ ಒಮ್ಮೆ ಅವಳನ್ನು, ಒಮ್ಮೆ ಇವನನ್ನು ನೋಡಿದಳು. "ಹ್ಯಾಂಗೆ?"

ವೈಶಾಲಿ ನಕ್ಕು ತೋರಿಸಲು ಹೋದಳು. ಕಿಸಕ್ಕೆಂದು ಅರ್ಧಕ್ಕೇ ನಿಂತಳು.

"ಹಾಗಲ್ಲ," ಎಂದ ಅಮೃತ, "ಮೊದ್ಲು ಮೂಗಲ್ಲಿ ಸುರುವಾಗೂದು." ಮೂಗಿನಿಂದ ಎರಡು ಸಲ ಉಸಿರು ಬಿಟ್ಟು, ಮೇಜು ಬಡಿದು, ಹೋ ಎಂದು ನಕ್ಕ. "ಅಷ್ಟೇ ಅಲ್ಲ, ಕೊನೆಗೆ ಕೆಮ್ಮೂ ಬರ್ತಿತ್ತು," ಎಂದು ವೈಶಾಲಿ ತಾನೂ ಸೇರಿದಳು. ಇಬ್ಬರ ಕಣ್ಣಲ್ಲೂ ನೀರು ಇಳಿಯುತ್ತಿತ್ತು.

ಮಾಸ್ತಮ್ಮ ಅವರ ಕಡೆಗೆ ಕಿವಿ ವಾಲಿಸಿ ಕೂತಿದ್ದಳು.

"ಇನ್ನೊಂದ್ಸಲ ನಗಿ," ಎಂದಳು.