ಐದು ಗುಡ್ಡದ ಗ್ರಾಫು

ಹಾನಗಲ್ಲಿನ ನಮ್ಮ ಕಾಲೇಜಿಗೆ, ದ್ರಾವಣಕ್ಕೆ ವೋಲ್ಟೇಜ್ ಕೊಟ್ಟು ಗ್ರಾಫು ಬರೆಯುವ ವೋಲ್ಟಾಮೆಟ್ರಿ ಯಂತ್ರ ಬಂದು ಎಂಟು ತಿಂಗಳಾಗಿತ್ತು. ಎಂಟು ತಿಂಗಳೂ ಅದು ಡಬ್ಬಿಯಲ್ಲೇ ಕುಳಿತಿತ್ತು. ಪೂಜೆಯಾಗದ ಯಂತ್ರದ ಗುಂಡಿ ಒತ್ತಬಾರದಂತೆ, ಪೂಜೆಗೆ ಆಡಳಿತ ಮಂಡಳಿಯ ಅಧ್ಯಕ್ಷರೇ ಬರಬೇಕಂತೆ. ಅಧ್ಯಕ್ಷ ಉಳಿವೆಪ್ಪನವರಿಗೋ ಅಕ್ಕಿ ಗಿರಣಿ, ಮದುವೆ, ಸನ್ಮಾನಗಳ ನಡುವೆ ಪುರುಸೊತ್ತು ಎಲ್ಲಿ? ಅತಿಥಿ ಉಪನ್ಯಾಸಕಿಯಾದ ನಾನು, ರಂಜನಾ, ಹೊಟ್ಟೆ ಉರಿದುಕೊಂಡು ದಿನ ಎಣಿಸುತ್ತಿದ್ದೆ. ಫೆರೋಸೀನ್ ಮೇಲಿನ ನನ್ನ ಪಿಎಚ್.ಡಿ. ಪ್ರಬಂಧಕ್ಕೆ ಒಂದೇ ಒಂದು ಗ್ರಾಫು ಬಾಕಿ. ತಿಂಗಳ ಕೊನೆಯೊಳಗೆ, ಪ್ರಾಚಾರ್ಯರ ಸಹಿಯೊಂದಿಗೆ ಅದು ಧಾರವಾಡದ ವಿಶ್ವವಿದ್ಯಾಲಯ ಮುಟ್ಟದಿದ್ದರೆ ಆರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಫೆರೋಸೀನ್ ಎಂದರೆ ಕಿತ್ತಳೆ ಬಣ್ಣದ ಪುಡಿ. ಎರಡು ಇಂಗಾಲದ ಉಂಗುರಗಳ ನಡುವೆ ಒಂದು ಕಬ್ಬಿಣದ ಪರಮಾಣು. ವೋಲ್ಟೇಜ್ ಏರಿಸಿದರೆ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಇಳಿಸಿದರೆ ತಕರಾರಿಲ್ಲದೆ ವಾಪಸು ತೆಗೆದುಕೊಳ್ಳುತ್ತದೆ. ಗ್ರಾಫಿನಲ್ಲಿ ಹೋಗುವಾಗ ಒಂದು ಗುಡ್ಡ, ಬರುವಾಗ ಅದಕ್ಕೆ ಸರಿಜೋಡಿ ಒಂದು ತಗ್ಗು. ಅಷ್ಟೇ. ಇಷ್ಟು ಪ್ರಾಮಾಣಿಕ ವಸ್ತು ನಮ್ಮ ಕಾಲೇಜಿನಲ್ಲಿ ಇನ್ನೊಂದಿಲ್ಲ.

ಕೊನೆಗೂ ಉಳಿವೆಪ್ಪನವರು ಬಂದರು. ಯಂತ್ರಕ್ಕೆ ಹಾರ, ವಿಭೂತಿ, ಎದುರಿಗೆ ತೆಂಗಿನಕಾಯಿ. ಜವಾನ ಗುತ್ತೆಪ್ಪ ಕುಂಕುಮದ ಬಟ್ಟಲು ಹಿಡಿದಿದ್ದ. ಎಲ್ಲಿ ಹಚ್ಚಲಿ ಎಂದು ಹುಡುಕಿದ ಅಧ್ಯಕ್ಷರು, ಫೆರೋಸೀನ್ ದ್ರಾವಣದಲ್ಲಿ ಅದ್ದಬೇಕಾದ, ಕನ್ನಡಿಯಂತೆ ಹೊಳೆಯುತ್ತಿದ್ದ ಎಲೆಕ್ಟ್ರೋಡಿನ ತುದಿಗೇ ಬೊಟ್ಟಿಟ್ಟರು.

"ಅಯ್ಯೋ, ಅದಕ್ಕ ಬ್ಯಾಡ್ರಿ ಸರ್! ತಡೀರಿ, ಒರಸ್ತೇನಿ," ಎಂದೆ.

"ಹಚ್ಚಿದ ಕುಂಕುಮ ಒರಸ್ತಾರೇನ್ರಿ ಮೇಡಂ? ಅಷ್ಟೂ ತಿಳಿಯೂದಿಲ್ಲ?" ಪ್ರಾಚಾರ್ಯ ಮೃತ್ಯುಂಜಯ ಗದರಿದರು. "ನೀವು ಒತ್ರಿ ಸಾಹೇಬ್ರ."

ಒತ್ತಿದರು. ಕುಂಕುಮದ ಬಣ್ಣವೆಲ್ಲ ದ್ರಾವಣದಲ್ಲಿ ಕರಗಿ, ಪರದೆಯ ಮೇಲೆ ಅಂಕುಡೊಂಕಾಗಿ ಐದು ಗುಡ್ಡ ಎದ್ದವು. ಸೇರಿದವರು ಚಪ್ಪಾಳೆ ತಟ್ಟಿದರು.

"ಒಂದ ಗುಡ್ಡ ಬರ್ತೈತಿ ಅಂದಿದ್ರೆಲ್ಲ ಮೇಡಂ? ಸಾಹೇಬ್ರ ಕೈಗುಣ ನೋಡ್ರಿ, ಐದು!" ಎಂದರು ಪ್ರಾಚಾರ್ಯರು. ಮರುದಿನ ಆ ಗ್ರಾಫು ಚೌಕಟ್ಟು ಹಾಕಿಸಿಕೊಂಡು ಗೋಡೆ ಏರಿತು.

ನಾನು ಎಲೆಕ್ಟ್ರೋಡನ್ನು ಅಲ್ಯುಮಿನಾ ಪುಡಿಯಲ್ಲಿ ಒಂದು ತಾಸು ತಿಕ್ಕಿ, ತೊಳೆದು, ಹೊಸ ದ್ರಾವಣದಲ್ಲಿ ಇಳಿಸಿದೆ. ಒಂದು ಗುಡ್ಡ, ಒಂದು ತಗ್ಗು. ನನಗೆ ಕಣ್ಣು ತುಂಬಿ ಬಂತು. ಕಾಗದ ಹಿಡಿದು ಸಹಿಗೆ ಓಡಿದೆ.

"ಒಂದ?" ಎಂದು ಪ್ರಾಚಾರ್ಯರು ಮುಖ ಸಿಂಡರಿಸಿದರು. "ಅದೂ ಹೋಗಿ ಹೊಳ್ಳಿ ಬಂದೈತಿ. ಪ್ರಗತಿ ಎಲ್ಲೈತ್ರಿ ಇದರಾಗ? ಸಾಹೇಬ್ರ ಐದು ಗೋಡಿ ಮ್ಯಾಲಿರುವಾಗ ನಾ ಒಂದಕ್ಕ ಸಹಿ ಮಾಡಿದ್ರ, ಅವ್ರದು ತಪ್ಪು ಅಂದಂಗಾತು."

ಉಳಿದದ್ದು ಎರಡೇ ದಿನ. ಮಾನ ಬದಿಗಿಟ್ಟು ಗಿರಣಿಗೆ ಹೋದೆ. "ಸರ್, ನಿಮ್ಮ ಕೈಲೆ ಇನ್ನೊಮ್ಮೆ ಗುಂಡಿ ಒತ್ತಬೇಕ್ರಿ. ನಿಮ್ಮ ಕೈಗುಣ ಬ್ಯಾರೇನ ಐತಿ," ಎಂದೆ. ಈ ಮಾತಾಡಿದ ನಾಲಿಗೆಯನ್ನು ಕಿತ್ತೊಗೆಯಬೇಕೆನಿಸಿತು. ಉಳಿವೆಪ್ಪನವರು ಹಿಗ್ಗಿ ಹೀರೇಕಾಯಿಯಾಗಿ ಆಗಲೇ ಹೊರಟು ಬಂದರು. ಪೂಜೆ ಒಮ್ಮೆ ಮುಗಿದಿದ್ದರಿಂದ ಈ ಸಲ ಕುಂಕುಮ ಬರಲಿಲ್ಲ. ಒತ್ತಿದರು. ಒಂದೇ ಗುಡ್ಡ.

ಪ್ರಾಚಾರ್ಯರು ಅಧ್ಯಕ್ಷರ ಮುಖ ನೋಡಿದರು.

"ಚಲೋ ಐತೆಲ್ಲ," ಎಂದರು ಅಧ್ಯಕ್ಷರು.

"ಐದು ಇದ್ದದ್ದು ಒಂದಕ್ಕ ತಂದ್ರಿ! ಒಗ್ಗಟ್ಟು ಅಂದ್ರ ಇದು, ಸಾಹೇಬ್ರ!" ಪ್ರಾಚಾರ್ಯರ ಪೆನ್ನು ಆಗಲೇ ಹೊರಬಂದಿತ್ತು.

ಸಹಿ ಸಿಕ್ಕಿತು. ಅದರ ಮೇಲೆ ಅವರ ದುಂಡನೆಯ ಅಕ್ಷರದಲ್ಲಿ ಎರಡು ಸಾಲು: "ಪ್ರಯೋಗ ಮಾಡಿದವರು: ಮಾನ್ಯ ಅಧ್ಯಕ್ಷ ಉಳಿವೆಪ್ಪನವರು. ಎಲೆಕ್ಟ್ರೋಡ್ ತೊಳೆದವರು: ರಂಜನಾ."