ಹನ್ನೊಂದು ಹೆಸರು

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಯಾಕೋಬಪ್ಪನವರ ಮನೆಯಲ್ಲಿ ಎರಡು ಪಾತ್ರೆಗಳು ಒಲೆಯೇರುತ್ತಿದ್ದವು. ಒಂದರಲ್ಲಿ ಕಾಫಿಗೆ ನೀರು, ಇನ್ನೊಂದರಲ್ಲಿ ದಾಕು ಹಾಕುವ ಸೂಜಿಗಳು. ಎರಡೂ ಅದಲುಬದಲಾಗದ ಹಾಗೆ ನೋಡಿಕೊಳ್ಳುವುದು ಹೆಂಡತಿ ಕೃಪಾವತಿಯ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಆಕೆ ಒಂದು ದಿನವೂ ತಪ್ಪಿರಲಿಲ್ಲ.

೧೯೬೩ರ ಫೆಬ್ರವರಿ ತಿಂಗಳು. ಜಯನಗರ ಆಗಿನ್ನೂ ಅರ್ಧ ಊರು, ಅರ್ಧ ಬಯಲು. ಮನೆಯಿಂದ ಸೈಕಲ್ಲಿನಲ್ಲಿ ಸ್ವಲ್ಪ ದೂರ ಹೋದರೆ ರಾಗಿ ಹೊಲ, ಅದರಾಚೆ ಸಾರಕ್ಕಿ, ಅದರ ಕೆರೆ. ಆ ಸುತ್ತಿನ ಹಳ್ಳಿಗಳಿಗೆ ಸಿಡುಬಿನ ದಾಕು ಹಾಕುವ ನೌಕರಿ ಯಾಕೋಬಪ್ಪನವರದು. ಸೈಕಲ್ಲಿನ ಹಿಂದೆ ಐಸು ತುಂಬಿದ ಫ್ಲಾಸ್ಕು, ಅದರೊಳಗೆ ಮದ್ದು. ಹೆಗಲಿನ ಚೀಲದಲ್ಲಿ ದಪ್ಪ ರಟ್ಟಿನ ಪುಸ್ತಕ. ಯಾರ ತೋಳಿಗೆ ದಾಕು ಬಿತ್ತೋ ಅವರ ಹೆಸರು ಅದೇ ದಿನ ಆ ಪುಸ್ತಕಕ್ಕೆ ಏರಬೇಕು.

ಹಳ್ಳಿಯವರು ಅವರನ್ನು ಕಿರಿಸ್ತಾನರ ಅಯ್ಯನೋರು ಅನ್ನುತ್ತಿದ್ದರು. ಯಾರ ಮನೆಯಲ್ಲೂ ಏನನ್ನೂ ಮುಟ್ಟದ ಮನುಷ್ಯ. ಒಮ್ಮೆ ಯಾರೋ ಕಾಣದ ಹಾಗೆ ಸೈಕಲ್ಲಿಗೆ ಕಟ್ಟಿದ ಕುಂಬಳಕಾಯಿಯನ್ನು ಅರ್ಧ ಮೈಲಿ ಹೋದ ಮೇಲೆ ಕಂಡು, ಬಿಸಿಲಲ್ಲಿ ಹಿಂತಿರುಗಿ ಬಂದು ಜಗಲಿಯ ಮೇಲಿಟ್ಟು ಹೋಗಿದ್ದರು. ಭಾನುವಾರ ಚರ್ಚಿನ ಸಭೆಯಲ್ಲಿ ಬೈಬಲಿನಿಂದ ವೇದಪಾಠ ಓದುವುದೂ ಅವರೇ. ಓದುವಾಗ ಅವರ ದನಿಯಲ್ಲಿ ಆ ಕುಂಬಳಕಾಯಿಯ ಜಂಬ ಒಂದಿಷ್ಟು ಇರುತ್ತಿತ್ತು ಅಂತ ಹೇಳಿದರೆ ಸುಳ್ಳಾಗಲಾರದು.

ಕುಂಬಳಕಾಯಿ ಮುಟ್ಟದ ಈ ಮನುಷ್ಯನೇ ಕಳೆದ ನವೆಂಬರಿನ ಕೊನೆಯ ದಿನ ಹನ್ನೊಂದು ಹೆಸರನ್ನು ಸುಳ್ಳು ಬರೆದಿದ್ದರು.

ಆವತ್ತು ತಿಂಗಳ ರಿಪೋರ್ಟು ಕೊಡಬೇಕಾಗಿತ್ತು. ಸಾರಕ್ಕಿಯಲ್ಲಿ ಉಳಿದದ್ದು ಕೆರೆ ಏರಿಯ ಕೆಳಗಿನ ಎರಡು ಮನೆ ಮಾತ್ರ, ಸೊಣ್ಣಮ್ಮನದು ಮತ್ತು ಅವಳ ಮೈದುನನದು. ಸೊಣ್ಣಮ್ಮ ಬಾಗಿಲಲ್ಲೇ ನಿಂತು ಕೈ ಅಡ್ಡ ಹಿಡಿದಳು.

"ಈಗ ಬ್ಯಾಡಿ ಸಾಮಿ. ನಾಳಿಂದ ರಾಗಿ ಕುಯ್ಲು. ತೋಳು ಊದ್ಕೊಂಡ್ರೆ ಕುಡುಗೋಲು ಹಿಡಿಯೋರು ಯಾರು?"

"ಇವತ್ತು ಆಗ್ಲೇಬೇಕಮ್ಮ. ನಿಮ್ಮೆರಡು ಮನೆ ಆದ್ರೆ ಊರು ಪೂರ್ತಿ ಆಯ್ತು."

"ಅದಕ್ಕೇನಂತೆ, ಆಗಿದೆ ಅಂತ ಬರ್ಕೊಂಡ್ಹೋಗಿ. ನಾವೇನು ಇಲ್ಲ ಅಂತೀವಾ? ಕುಯ್ಲು ಮುಗಿದ್ಮೇಲೆ ಬನ್ನಿ, ಎಲ್ರೂ ಹಾಕಿಸ್ಕೊಂತೀವಿ."

ಯಾಕೋಬಪ್ಪ ಗಡಿಯಾರ ನೋಡಿಕೊಂಡರು. ಸಂಜೆ ಆರಕ್ಕೆ ಅವರ ಮನೆಯಲ್ಲಿಯೇ ಸಭೆಯವರ ಪ್ರಾರ್ಥನಾಕೂಟ. ಬಂದವರಿಗೆ ಚಾಪೆ ಹಾಸಬೇಕು, ಹಾಡಿನ ಪುಸ್ತಕ ಹಂಚಬೇಕು. ಅಲ್ಲೇ ಕಲ್ಲಿನ ಮೇಲೆ ಕೂತು ಹನ್ನೊಂದು ಹೆಸರನ್ನು ಕೇಳಿ ಬರೆದುಕೊಂಡರು, ಲೆಕ್ಕ ಸರಿಯಾಗಲೆಂದು ಆ ಹನ್ನೊಂದು ಜನಕ್ಕೆ ಬೇಕಾಗಿದ್ದ ಮದ್ದನ್ನು ಬೇಲಿಯ ಬುಡಕ್ಕೆ ಚೆಲ್ಲಿದರು. ಪ್ರಾರ್ಥನೆಗೆ ಐದು ನಿಮಿಷ ಮುಂಚೆಯೇ ಮನೆ ಸೇರಿದರು. ಕುಯ್ಲು ಮುಗಿಯಿತು, ಕ್ರಿಸ್‌ಮಸ್ ಬಂತು, ಹೊಸ ವರ್ಷವೂ ಬಂತು. ಆ ಎರಡು ಮನೆಗೆ ಹೋಗುವುದು ಮಾತ್ರ ಇವತ್ತು ನಾಳೆ ಅಂತ ಉಳಿದೇ ಹೋಯಿತು.

ಫೆಬ್ರವರಿಯ ಎರಡನೇ ವಾರ ಆರೋಗ್ಯ ಕೇಂದ್ರದ ಡಾಕ್ಟರು ಜಯದೇವಪ್ಪ ದಾಕು ಹಾಕುವ ಐದೂ ಜನರನ್ನು ಕರೆಸಿದರು.

"ಕೋಣನಕುಂಟೇಲಿ ಮೂರು ಮನೇಲಿ ಸಿಡುಬು ಕಂಡಿದೆ. ಹೊರಗಡೆಯಿಂದ ಬಂದ ಕೂಲಿಯವನೊಬ್ಬ ತಂದಿದಾನೆ. ಮದ್ದು ಬಂದಿರೋದು ಕಡಿಮೆ. ಪುಸ್ತಕದಲ್ಲಿ ಪೂರ್ತಿ ಆಗಿರೋ ಊರಿಗೆ ಈಗ ಯಾರೂ ಹೋಗೋದು ಬೇಡ. ಸಾರಕ್ಕಿ ಬಿಟ್ಬಿಡಿ. ಅದು ಯಾಕೋಬಪ್ಪನೋರ ಪುಸ್ತಕ, ನಾನು ಕಣ್ಮುಚ್ಕೊಂಡು ಸಹಿ ಹಾಕ್ತೀನಿ."

ಉಳಿದ ನಾಲ್ವರು ನಕ್ಕರು. ಯಾಕೋಬಪ್ಪನವರೂ ನಕ್ಕರು. ಹೊರಗೆ ಬಂದಾಗ ಡಾಕ್ಟರು ಅವರ ಹೆಗಲ ಮೇಲೆ ಕೈಯಿಟ್ಟು, ಸ್ಯಾನಿಟರಿ ಇನ್ಸ್‌ಪೆಕ್ಟರ್ ಹುದ್ದೆಗೆ ಅವರ ಹೆಸರನ್ನೇ ಕಳಿಸಿರುವುದಾಗಿ ಹೇಳಿದರು. ಹತ್ತೊಂಬತ್ತು ವರ್ಷ ಸೈಕಲ್ ತುಳಿದವನಿಗೆ ಇದಕ್ಕಿಂತ ಸಿಹಿ ಸುದ್ದಿ ಇನ್ನೇನಿದೆ? ಆದರೆ ಅವರಿಗೆ ಕೆರೆ ಏರಿಯ ಕೆಳಗಿನ ಎರಡು ಮನೆ ಮಾತ್ರ ಕಣ್ಣಮುಂದೆ ಬಂದವು.

ಅಂದು ಸಂಜೆಯೇ ಕೆರೆ ಏರಿಯ ಕೆಳಗಿಳಿದರು. ಸೊಣ್ಣಮ್ಮನ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಅದರ ಅರ್ಥ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಒಳಗೆ ಅಮ್ಮ, ಅಂದರೆ ಸಿಡುಬು, ಬಂದಿರಬಹುದು ಅಂತ. ಯಾಕೋಬಪ್ಪ ಅಂಗಳದಲ್ಲೇ ನಿಂತರು.

"ಮೊಮ್ಮಗಳಿಗೆ ನೆನ್ನೆಯಿಂದ ಜರ ಸಾಮಿ, ನಮ್ಮ ಲಕ್ಷ್ಮಿದೇವಿಗೆ. ಮೈ ಕೆಂಡ ಆಗೈತೆ" ಅಂದಳು ಸೊಣ್ಣಮ್ಮ. ಅವಳ ದನಿಯಲ್ಲಿ ಯಾವ ದೂರೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆರು ವರ್ಷದ ಹುಡುಗಿ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಮೈಮೇಲೆ ಗುಳ್ಳೆ ಇನ್ನೂ ಎದ್ದಿರಲಿಲ್ಲ. ಇಂಥ ಜ್ವರ ಕಂಡರೆ ಕೇಂದ್ರಕ್ಕೆ ತಿಳಿಸಬೇಕೆಂಬುದು ಅವರ ನೌಕರಿಯ ಮೊದಲ ನಿಯಮ. ಯಾಕೋಬಪ್ಪ ತಿಳಿಸಲಿಲ್ಲ. ಗುಳ್ಳೆ ಏಳಲಿ, ಆಮೇಲೆ ನೋಡೋಣ ಅಂದುಕೊಂಡರು. ಮೊದಲನೆಯ ತಪ್ಪಿಗೆ ಅವಸರ ಕಾರಣವಾಗಿತ್ತು. ಈ ಎರಡನೆಯದಕ್ಕೆ ಹೇಡಿತನವೊಂದೇ ಕಾರಣ, ಮತ್ತು ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ಎರಡು ದಿನ ಅವರು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ದಾಕು ಹಾಕಲು ಕೋಣನಕುಂಟೆಗೆ ಹೋದರು. ಅಲ್ಲಿ ಒಂದು ಜಗಲಿಯ ಮೇಲೆ ಸಿಡುಬೆದ್ದ ಹೆಂಗಸಿನ ಮುಖ ನೋಡಿದರು. ಕಣ್ಣುರೆಪ್ಪೆ ತೆರೆಯದ ಹಾಗೆ ಗುಳ್ಳೆಗಳು ಮುತ್ತಿಕೊಂಡಿದ್ದವು. ಅಷ್ಟು ದೂರ ಸೈಕಲ್ ತುಳಿದು ಬಂದರೂ ಆ ಮುಖ ಬಿಡಲಿಲ್ಲ. ಪ್ರಾರ್ಥನೆಗೆ ಮೊಣಕಾಲೂರಿದರೆ ಒಂದು ಹರಕೆಯಂಥದ್ದು ಮಾತ್ರ ಬಾಯಿಗೆ ಬರುತ್ತಿತ್ತು: ಮಗುವಿಗೆ ಬಂದಿರುವುದು ಅದಲ್ಲವಾದರೆ ಎಲ್ಲವನ್ನೂ ಹೇಳಿಬಿಡುತ್ತೇನೆ.

ಮೂರನೆಯ ದಿನ ಬೆಳಿಗ್ಗೆ ಹುಡುಗಿಯ ಮೈಮೇಲೆ ಗುಳ್ಳೆ ಎದ್ದಿತ್ತು. ಯಾಕೋಬಪ್ಪ ಅವಳನ್ನು ಬೆಳಕಿಗೆ ತಂದು ನೋಡಿದರು. ಹೊಟ್ಟೆ, ಎದೆ, ಬೆನ್ನಿನ ಮೇಲೆ ನೀರು ತುಂಬಿದ ತೆಳು ಗುಳ್ಳೆಗಳು; ಕೆಲವು ಈಗಷ್ಟೇ ಎದ್ದವು, ಕೆಲವು ಆಗಲೇ ಒಣಗುತ್ತಿದ್ದವು. ಅಂಗೈ, ಅಂಗಾಲು ಶುದ್ಧವಾಗಿದ್ದವು. ಹತ್ತೊಂಬತ್ತು ವರ್ಷದ ಕಣ್ಣಿಗೆ ಅನುಮಾನವೇ ಉಳಿಯಲಿಲ್ಲ.

"ಇದು ಸೀತಾಳೆ ಸಿಡುಬು ಅಮ್ಮ. ದೊಡ್ಡದಲ್ಲ. ಎಂಟು ದಿನಕ್ಕೆ ಓಡಾಡ್ತಾಳೆ."

ಸೊಣ್ಣಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಯಾಕೋಬಪ್ಪ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಗಟ್ಟಿಯಾಗಿ ಹಾಡಿಕೊಂಡರು, ಹೊಲದಲ್ಲಿದ್ದವರು ತಿರುಗಿ ನೋಡುವಷ್ಟು. ಹರಕೆ ನೆನಪಾದದ್ದು ಮನೆಯ ಬಾಗಿಲಿಗೆ ಬಂದ ಮೇಲೆ. ಈಗ ಅದು ಅಷ್ಟೇನೂ ಅವಸರದ ವಿಷಯವೆನ್ನಿಸಲಿಲ್ಲ.

ಆದರೆ ನೆಮ್ಮದಿ ಮಾತ್ರ ಆ ಮನೆ ಹೊಕ್ಕಲಿಲ್ಲ. ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತ ಗಂಡನನ್ನು ಕೃಪಾವತಿ ಎರಡು ದಿನ ನೋಡಿದಳು, ಮೂರನೆಯ ದಿನ ಕೇಳಿಯೇಬಿಟ್ಟಳು. ಅವರು ಹೇಳಿದರು. ಬೇಲಿಯ ಬುಡಕ್ಕೆ ಚೆಲ್ಲಿದ್ದನ್ನೂ ಬಿಡಲಿಲ್ಲ.

ಕೃಪಾವತಿ ಅಕ್ಕಿಯ ಮೊರ ಎಳೆದುಕೊಂಡು ಕಲ್ಲು ಆರಿಸತೊಡಗಿದಳು. "ಹೋಗಿ ಸದ್ದಿಲ್ದೆ ಹಾಕ್ಬಿಟ್ಟು ಬನ್ನಿ. ಅವರಿಗೂ ಕ್ಷೇಮ, ನಿಮಗೂ ಕ್ಷೇಮ. ಇನ್ಸ್‌ಪೆಕ್ಟರ್ ಆಗೋ ಹೊತ್ತಲ್ಲಿ ಯಾಕೆ ಹೇಳ್ಕೊಂಡು ಹೋಗ್ತೀರಿ?"

"ಅದನ್ನೂ ಯೋಚಿಸ್ದೆ. ಮದ್ದು ಕೊಡೋದು ಹೆಸರಿಗೆ ತಕ್ಕ ಹಾಗೆ. ಈ ಹನ್ನೊಂದು ಜನದ ಹೆಸರು ಆಗ್ಲೇ ಬರೆದಾಗಿದೆ. ಈಗ ಅವರಿಗೆ ಹಾಕ್ಬೇಕಾದ್ರೆ ಇನ್ನು ಹನ್ನೊಂದು ಹೆಸರು ಹುಟ್ಟಿಸ್ಬೇಕು. ಹುಟ್ಟದೇ ಇರೋ ಜನದ ಹೆಸರು."

ಕೃಪಾವತಿ ಮೊರದಿಂದ ಕಣ್ಣೆತ್ತಲಿಲ್ಲ. "ಮಗಳು ಅಪ್ಪ ಇನ್ಸ್‌ಪೆಕ್ಟರ್ ಆಗ್ತಾರೆ ಅಂತ ಬೀದಿಗೆಲ್ಲ ಹೇಳಿದಾಳೆ" ಅಂದಳು. ಆಮೇಲೆ, "ಹೋಗೋದಾದ್ರೆ ಇವತ್ತೇ ಹೋಗಿ. ನಾಳೆ ಅಂದ್ರೆ ನಾನೇ ತಡೀತೀನೇನೋ" ಅಂದಳು.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು, ಎದ್ದು ಬಾಗಿಲು ಮುಚ್ಚಿ ಬಂದರು.

"ಇಷ್ಟೇನಾ? ನಾನು ಏನೋ ಅಂದ್ಕೊಂಡೆ. ಪುಸ್ತಕದಲ್ಲಿ ಕೊನೇ ಕಾಲಂ ಇದೆಯಲ್ಲ, ಅದರಲ್ಲಿ 'ದಾಕು ಹತ್ತಲಿಲ್ಲ' ಅಂತ ಬರೀರಿ. ಮದ್ದು ಕೆಟ್ಟಿತ್ತು ಅಂತಾಗುತ್ತೆ. ಎರಡನೇ ಸಲ ಹಾಕೋಕೆ ನಾನೇ ಮದ್ದು ಕೊಡ್ತೀನಿ."

ಯಾಕೋಬಪ್ಪನವರಿಗೆ ಒಂದು ಕ್ಷಣ ಎದೆ ಹಗುರಾದದ್ದು ನಿಜ. ಇಷ್ಟು ಸುಲಭದ ದಾರಿ ತಮಗೇ ಯಾಕೆ ಹೊಳೆಯಲಿಲ್ಲ ಅಂತಲೂ ಅನ್ನಿಸಿತು. ಪೆನ್ನನ್ನೂ ತೆಗೆದರು. ಆದರೆ ಬರೆಯದೆ ಮತ್ತೆ ಮೇಜಿನ ಮೇಲಿಟ್ಟರು.

"ಹತ್ತಲಿಲ್ಲ ಅಲ್ಲ ಸಾರ್. ನಾನು ಹಾಕ್ಲೇ ಇಲ್ಲ."

"ನೋಡಿ ಯಾಕೋಬಪ್ಪ." ಡಾಕ್ಟರ ಮುಖ ಬಿಗಿಯಾಯಿತು. "ನೀವು ಹಾಗೆ ಬರೆದ್ರೆ ನಾನು ಮೇಲಕ್ಕೆ ಕಳಿಸ್ಲೇಬೇಕು. ಆಮೇಲೆ ಐದೂ ಜನದ ಪುಸ್ತಕ ತೆಗೀತಾರೆ. ಮಿಕ್ಕೋರು ಎಲ್ಲಾ ನೆಟ್ಟಗೆ ಬರೆದಿದಾರೆ ಅಂತ ತಿಳ್ಕೊಂಡಿದೀರಾ? ಅವರಿಗೂ ಹೆಂಡ್ತಿ ಮಕ್ಕಳಿದಾರೆ. ನಿಮ್ಮ ದೇವರ ಮುಂದೆ ನೀವು ಹಗುರ ಆಗೋಕೆ ಇಷ್ಟು ಜನರ ತಲೆ ಮೇಲೆ ಹೊರೆ ಹಾಕ್ತೀರಲ್ಲ, ಇದು ಯಾವ ನ್ಯಾಯ?"

ಆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಅವರಿಗೆ ಕೋಣನಕುಂಟೆಯ ಜಗಲಿಯ ಮೇಲಿನ ಹೆಂಗಸು ನೆನಪಾದಳು. ಆಕೆಯ ಹೆಸರು ಯಾರ ಪುಸ್ತಕದಲ್ಲಿದೆಯೋ, ಯಾವ ಸಂಜೆಯ ಅವಸರದಲ್ಲಿ ಬರೆದದ್ದೋ.

"ಮಿಕ್ಕೋರ ಪುಸ್ತಕದಲ್ಲಿರೋ ಜನಕ್ಕೂ ಯಾರಾದ್ರೂ ಹೋಗ್ಬೇಕಲ್ಲ ಸಾರ್" ಅಂದರು. ಕೆಂಪು ಶಾಯಿಯಲ್ಲಿ ಹನ್ನೊಂದು ಹೆಸರಿನ ಮುಂದೆಯೂ 'ಹಾಕಿಲ್ಲ, ಸುಳ್ಳು ಬರೆದಿದ್ದೇನೆ' ಅಂತ ಹನ್ನೊಂದು ಸಲ ಬರೆದು ಸಹಿ ಮಾಡಿದರು. ಡಾಕ್ಟರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

ಮುಂದಿನದು ಡಾಕ್ಟರು ಹೇಳಿದ ಹಾಗೆಯೇ ನಡೆಯಿತು. ಐದೂ ಪುಸ್ತಕ ತೆಗೆದರು. ಹಳ್ಳಿ ಹಳ್ಳಿ ಸುತ್ತಿ ತೋಳು ನೋಡಿದರೆ, ಹೆಸರಿದ್ದು ದಾಕಿನ ಗುರುತಿಲ್ಲದವರು ನೂರಾರು ಜನ. ಇನ್ಸ್‌ಪೆಕ್ಟರ್ ಹುದ್ದೆ ಬೇರೆಯವರಿಗೆ ಹೋಯಿತು. ಜೊತೆಯ ನಾಲ್ವರು ಅವರ ಜೊತೆ ಕಾಫಿ ಕುಡಿಯುವುದನ್ನು ಬಿಟ್ಟರು. ಅವರಲ್ಲೊಬ್ಬ ಎದುರಿಗೆ ಸಿಕ್ಕಾಗ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಯಾಕೋಬಪ್ಪನವರಿಗೆ ಇದು ನೋಯುತ್ತಿತ್ತು. ಸಭೆಯ ಹಿರಿಯರಿಗೆ ತಾವೇ ವಿಷಯ ತಿಳಿಸಿ, ಕೆಲವು ತಿಂಗಳು ವೇದಪಾಠ ಓದುವುದು ಬೇಡವೆಂದು ಕೇಳಿಕೊಂಡರು.

ಮದ್ದು ಬಂದ ದಿನ ಬೆಳಿಗ್ಗೆ ಮೊದಲು ಹೋದದ್ದು ಕೆರೆ ಏರಿಯ ಕೆಳಕ್ಕೆ. ಎರಡು ಮನೆಯವರೂ ಅಕ್ಕಪಕ್ಕದವರೂ ಅಂಗಳದಲ್ಲಿ ಸೇರಿದ್ದರು. ಸೊಣ್ಣಮ್ಮನ ಮೈದುನ ಬೈರಣ್ಣ ಕೈಕಟ್ಟಿ ನಿಂತಿದ್ದ.

"ಪುಸ್ತಕದಾಗೆ ನಮಗೆ ಆಗೋಗೈತಂತಲ್ಲ ಅಯ್ಯನೋರೆ. ಮತ್ತ್ಯಾಕೆ ಬಂದ್ರಿ?"

"ಆಗಿಲ್ಲ. ನಾನು ಸುಳ್ಳು ಬರೆದಿದ್ದೆ."

ಅಂಗಳದಲ್ಲಿ ಗುಸುಗುಸು ಎದ್ದಿತು. "ಬರ್ಕೊಳಿ ಅಂದೋಳು ನಾನೇ" ಅಂದಳು ಸೊಣ್ಣಮ್ಮ.

"ಅಂದಿದ್ದು ನೀವು. ಬರೆದಿದ್ದು ನಾನು ಅಮ್ಮ."

ಬೈರಣ್ಣ ಬಿಡಲಿಲ್ಲ. "ಈಗ ಹೇಳಿ, ನೋಯ್ತದಾ?"

ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಂತ ಹೇಳುವುದು ದಾಕು ಹಾಕುವವರ ವಾಡಿಕೆ. ಯಾಕೋಬಪ್ಪನವರೂ ಹತ್ತೊಂಬತ್ತು ವರ್ಷ ಹಾಗೇ ಹೇಳಿಕೊಂಡು ಬಂದಿದ್ದರು.

"ನೋಯುತ್ತೆ. ಜ್ವರ ಬರುತ್ತೆ. ಒಂದು ವಾರ ಆ ಕೈಯಲ್ಲಿ ಕೆಲಸ ಮಾಡೋಕಾಗಲ್ಲ. ಆದ್ರೆ ಆ ಕಾಯಿಲೆ ನಿಮ್ಮ ಮನೆಗೆ ಬರಲ್ಲ."

ಹೆಂಗಸೊಬ್ಬಳು ಮಗುವನ್ನೆತ್ತಿಕೊಂಡು ಒಳಗೆ ಹೊರಟಳು. ಬೈರಣ್ಣ ನೆಲ ನೋಡುತ್ತ ನಿಂತ. ಸೊಣ್ಣಮ್ಮ ಮುಂದೆ ಬಂದು ಕಲ್ಲಿನ ಮೇಲೆ ಕೂತು ಎಡ ತೋಳು ಚಾಚಿದಳು.

"ನೋಯ್ತದೆ ಅಂದೋರು ನೀವೊಬ್ರೇ ಕಣ್ ಸಾಮಿ. ಹಾಕಿ."

ಒಳಗೆ ಹೊರಟಿದ್ದ ಹೆಂಗಸು ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. ಯಾಕೋಬಪ್ಪ ಸೊಣ್ಣಮ್ಮನ ತೋಳು ಒರೆಸಿ, ಮದ್ದು ಹಚ್ಚಿ ಗೀರಿದರು. ಅವಳು ಹಲ್ಲು ಕಚ್ಚಿದಳು. ಪಕ್ಕದಲ್ಲಿ ಪುಸ್ತಕ ತೆರೆದಿತ್ತು. ಮದ್ದು ತೋಳಿನ ಮೇಲೆ ಪೂರ್ತಿ ಒಣಗುವವರೆಗೂ ಅವರು ಕಾದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಅವಳ ಹೆಸರು ಬರೆದರು.