ಹದಿಮೂರನೇ ಕಂಬ

ಆಷಾಢದ ಗಾಳಿ ಬೀದಿಯ ಧೂಳನ್ನೆಲ್ಲ ಎತ್ತಿ ಗುಡ್ಡದ ಕಡೆಗೆ ಹೊತ್ತೊಯ್ಯುತ್ತಿದ್ದ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು. ಮೊಳಕಾಲ್ಮೂರಿನ ಮಗ್ಗದ ಬೀದಿಯ ವಾಚನಾಲಯದಲ್ಲಿ ಕಾಮಣ್ಣ ಎರಡು ಕೈಯಲ್ಲಿ ಎರಡು ಪುಸ್ತಕ ಹಿಡಿದು ತೂಗಿ ನೋಡುತ್ತಿದ್ದ.

"ಯಾವುದು ಬೇಕು ತಾತ?" ಎಂದಳು ಪ್ರೇಮಲತಾ. ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ಬಂದು ವಾಚನಾಲಯದ ಬಾಗಿಲು ತೆಗೆಯುವವಳು ಅವಳೇ. ಹಾಗೆ ಬರತೊಡಗಿ ಒಂಬತ್ತು ವರ್ಷವಾಗಿತ್ತು.

"ಭಾರ ಇರೋದು ಕೊಡು ತಾಯಿ."

"ಓದೋಕೆ ಭಾರ ಯಾಕೆ ಬೇಕು?"

"ಓದೋಕೆ ಅಂತ ಯಾರಂದ್ರು? ಸೀರೆ ಮೇಲೆ ಇಡಾಕೆ."

ಮಗ್ಗದಿಂದ ಇಳಿಸಿದ ಸೀರೆಯನ್ನು ಮಡಿಸಿ, ಮೇಲೊಂದು ಹಲಗೆ ಇಟ್ಟು, ಹಲಗೆಯ ಮೇಲೆ ಭಾರ ಹೇರಿ ಒಂದು ವಾರ ಬಿಡುವುದು ಕಾಮಣ್ಣನ ರೂಢಿ. ಮಡಿಕೆ ಕೂರುತ್ತದೆ, ಜರಿ ಏಳದೆ ಮಲಗುತ್ತದೆ. ನಲವತ್ತು ವರ್ಷ ಆ ಭಾರ ಹೆಂಡತಿ ನಾಗಕ್ಕನ ಅರೆಯುವ ಗುಂಡುಕಲ್ಲಾಗಿತ್ತು. ಹೋದ ತಿಂಗಳು ಕಲ್ಲಿಗೆ ಸುತ್ತಿದ ಬಟ್ಟೆ ಜಾರಿ, ಶೇಂಗಾ ಚಟ್ನಿಯ ಎಣ್ಣೆ ಸೆರಗಿನ ಮೇಲೆ ರೂಪಾಯಿಯಗಲ ಕೂತುಬಿಟ್ಟಿತು. "ಏಮಯ್ಯಾ, ಇನ್ನು ನನ್ನ ಕಲ್ಲು ಮುಟ್ಟಬೇಡ," ಎಂದಿದ್ದಳು ನಾಗಕ್ಕ.

ಪ್ರೇಮಲತಾ ನಕ್ಕು, ಹೆಚ್ಚು ಭಾರವಿದ್ದ ದತ್ತಾಂಶ ವಿಶ್ಲೇಷಣೆಯ ಪುಸ್ತಕದ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡಳು. ಯುಗಾದಿಗೆ ಮೊದಲು ಮೇಲಿನ ಕಚೇರಿಯಿಂದ ಬಂದ ಹದಿನೆಂಟು ಪುಸ್ತಕಗಳಲ್ಲಿ ಅದೊಂದು. ಕಂಪ್ಯೂಟರ್ ಸಾಫ್ಟ್‌ವೇರ್, ದತ್ತಾಂಶ ವಿಶ್ಲೇಷಣೆ, ವ್ಯಾಪಾರದಲ್ಲಿ ಹೊಸತನ. ಎಲ್ಲವೂ ನಾಲ್ಕು ಬೆರಳು ದಪ್ಪ, ನುಣುಪಾದ ಗಟ್ಟಿ ರಟ್ಟು. ಅಲ್ಲಿಯವರೆಗೆ ಅವನ್ನು ಮುಟ್ಟಿದವರೆಂದರೆ ಧೂಳು ಒರೆಸುವ ಪ್ರೇಮಲತಾ ಒಬ್ಬಳೇ.

ಮರುವಾರ ಪಕ್ಕದ ಮನೆಯ ಓಬಳೇಶ್ ಬಂದ. "ಕಾಮಣ್ಣ ಮಾವ ತಗಂಡು ಹೋದ್ನಲ್ಲ ಮೇಡಂ, ಆ ಸೈಜಿಂದು ಇನ್ನೊಂದು ಐತಾ?" ಶ್ರಾವಣದ ಹೊತ್ತಿಗೆ ಹದಿನೆಂಟೂ ಬೀದಿಯ ಮಗ್ಗದ ಮನೆಗಳಲ್ಲಿ ತಿರುಗುತ್ತಿದ್ದವು. ರೇಷ್ಮೆ ಮುಟ್ಟುವ ಕೈಗಳಾದ್ದರಿಂದ ಪುಸ್ತಕಗಳು ಹೋದದ್ದಕ್ಕಿಂತ ಚೊಕ್ಕಟವಾಗಿ ವಾಪಸ್ಸು ಬರುತ್ತಿದ್ದವು. ತಿಂಗಳಿಗೆ ಒಂಬತ್ತಿದ್ದ ಎರವಲಿನ ಲೆಕ್ಕ ಅರವತ್ತೆರಡಕ್ಕೆ ಏರಿತು. ಪ್ರೇಮಲತಾ ಇದ್ದದ್ದನ್ನು ಇದ್ದ ಹಾಗೆ ಬರೆದು ಮೇಲಿನ ಕಚೇರಿಗೆ ಕಳಿಸಿದಳು.

ಪುಸ್ತಕ ತಂದ ಆ ಆಷಾಢದಲ್ಲಿ ಮಗ್ಗದ ಕೆಲಸ ಕಡಿಮೆಯಿತ್ತು. ಒಂದು ಮಧ್ಯಾಹ್ನ ಕಾಮಣ್ಣ ಹಲಗೆಯ ಮೇಲಿನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ತೆರೆದ. ಮೂರನೇ ಕ್ಲಾಸಿಗೆ ಬಿಟ್ಟ ಓದು. ಅಕ್ಷರ ಕೂಡಿಸಿ ಕೂಡಿಸಿ ಹೋಗಬೇಕು. ಪುಟ ಮಗುಚುತ್ತಾ ಒಂದು ಕಡೆ ಕೈ ನಿಂತಿತು. ಎತ್ತರ, ಗಿಡ್ಡ, ಎತ್ತರ, ಸಾಲಾಗಿ ಕಂಬಗಳು. ಕೆಳಗೆ, "ಒಂದು ಜವಳಿ ಅಂಗಡಿಯ ತಿಂಗಳವಾರು ಮಾರಾಟ."

"ಏನೈತೆ ಅದ್ರಾಗೆ, ಅಷ್ಟೊತ್ತಿಂದ ನೋಡ್ತೀಯ?" ಎಂದಳು ನಾಗಕ್ಕ.

"ನಮ್ಮ ಬೀದಿ ಐತೆ."

"ಹುಚ್ಚು ಹಿಡೀತಾ?"

"ಇಲ್ನೋಡು. ಮೇ ತಿಂಗ್ಳು ಎಷ್ಟೆತ್ತರ ನಿಂತೈತೆ. ಜುಲೈ ನೋಡು, ಕುಂತೇಬಿಟ್ಟೈತೆ. ಇವತ್ತು ನಾನು ಕುಂತಂಗೆ."

ಮಿಕ್ಕವರು ವಾರವಾರ ಪುಸ್ತಕ ಬದಲಾಯಿಸಿದರು. ಕಾಮಣ್ಣ ಮಾತ್ರ ಅದನ್ನೇ ಮತ್ತೆ ಮತ್ತೆ ಬರೆಸಿಕೊಂಡು ಹೋದ. ಒಮ್ಮೆ ಪ್ರೇಮಲತಾಳ ಹತ್ತಿರ ಚೌಕಳಿ ಕಾಗದ ಕೇಳಿ ತೆಗೆದುಕೊಂಡ. ಯಾಕೆಂದು ಅವಳೂ ಕೇಳಲಿಲ್ಲ.

ಕಾರ್ತೀಕದಲ್ಲಿ ಮೇಲಿನ ಕಚೇರಿಯಿಂದ ಕಾಗದವೊಂದು ಬಂತು. ಓದುಗರಿಲ್ಲದ ವಾಚನಾಲಯಗಳನ್ನು ಮುಚ್ಚಲಾಗುವುದು. ತಮ್ಮಲ್ಲಿ ಓದುಗರು ಅತಿ ಹೆಚ್ಚಿರುವುದರಿಂದ ಗುರುವಾರ ಅಧಿಕಾರಿ ಖುದ್ದು ಬಂದು ಅವರನ್ನು ಮಾತಾಡಿಸುವರು. ಅದನ್ನು ಓದಿದ ಪ್ರೇಮಲತಾ ಬಾಗಿಲು ಹಾಗೇ ಬಿಟ್ಟು ಕಾಮಣ್ಣನ ಮನೆಗೆ ನಡೆದಳು. ಓಬಳೇಶನೂ ಅಲ್ಲೇ ಇದ್ದ.

"ತಾತ, ಓದ್ತೀವಿ ಅಂತ ಒಂದ್ಮಾತು ಹೇಳಿಬಿಡ್ರಿ. ಇಲ್ಲಾಂದ್ರೆ ಸುಳ್ಳು ಲೆಕ್ಕ ಬರ್ದೀಯ ಅಂತಾರೆ. ಬೀಗ ಹಾಕಿಸ್ತಾರೆ. ಒಂಬತ್ತು ವರ್ಷ ತೆಗ್ದ ಬಾಗಿಲು ತಾತ."

"ತಗಂಡಿದ್ದು ನಿಜ, ಕೊಟ್ಟಿದ್ದು ನಿಜ. ಸುಳ್ಳೆಲ್ಲೈತೆ ತಾಯಿ?"

"ಅವ್ರು ಹಂಗೆ ಕೇಳಲ್ಲ."

"ನೀವು ಹೆದರಬೇಡ್ರಿ ಮೇಡಂ, ನಾನು ಹೇಳ್ತೀನಿ," ಎಂದ ಓಬಳೇಶ್. "ದತ್ತಾಂಶ ಅಂದ್ರೆ ಡೇಟಾ, ನಂಗೊತ್ತಿಲ್ವಾ? ದಿನಕ್ಕೆ ಒಂದೂವರೆ ಜಿಬಿ."

ಪ್ರೇಮಲತಾಳಿಗೆ ನಗು ಬರಲಿಲ್ಲ.

ಗುರುವಾರ ಬಸ್ಸಿಳಿದು ಬಂದ ಅಧಿಕಾರಿ ಮಾರುತೇಶನಿಗೆ ಮೂವತ್ತರ ಮೇಲೆ ಒಂದೆರಡು ವರ್ಷ. ಕೈಯಲ್ಲೊಂದು ಟ್ಯಾಬು, ಮುಖದಲ್ಲಿ ಮದುವೆ ಮನೆಯ ಕಳೆ. ವಾಚನಾಲಯದ ಬಾಗಿಲಲ್ಲಿ ಮೊದಲು ಸಿಕ್ಕಿದ ಓಬಳೇಶನನ್ನೇ ಕೇಳಿದ.

"ಪುಸ್ತಕದಲ್ಲಿ ನಿಮಗೆ ಏನು ಇಷ್ಟವಾಯಿತು?"

"ರಟ್ಟು, ಸಾರ್. ಭಾಳ ಗಟ್ಟಿ ಐತೆ."

ಮಾರುತೇಶ ಪ್ರೇಮಲತಾಳ ಮುಖ ನೋಡಿದ. ಅವಳು ಬೀದಿಯ ಕೊನೆ ನೋಡಿದಳು. ಮೂವರೂ ಕಾಮಣ್ಣನ ಮನೆಗೆ ಬಂದರು. ಪಡಸಾಲೆಯ ಮೂಲೆಯಲ್ಲಿ ಮಡಿಸಿದ ಸೀರೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಪುಸ್ತಕ. ಹೊಸಬನಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇದಕ್ಕೇನಾ?" ಎಂದ ಮಾರುತೇಶ.

"ಇದಕ್ಕೇ ಸಾರ್," ಎಂದ ಕಾಮಣ್ಣ.

"ಅರವತ್ತೆರಡೂ?"

"ಒಟ್ಟು ಬೀದಿ ಇದಕ್ಕೇ ತಗಂಡಿದ್ದು. ಈ ಹುಡುಗಿ ಇದ್ದಂಗೆ ಬರ್ದವ್ಳೆ. ಅವಳದೇನೂ ತಪ್ಪಿಲ್ಲ."

ಮಾರುತೇಶ ಮಗ್ಗದ ಗುಂಡಿಯ ಅಂಚಿನಲ್ಲಿ ಕೂತ. ಟ್ಯಾಬನ್ನು ಪಕ್ಕಕ್ಕಿಟ್ಟು ಹೇಳಿದ. ಈ ಪುಸ್ತಕಗಳನ್ನು ಆರಿಸಿದ್ದು ಅವನೇ. ಹಳ್ಳಿಯವರು ಇದನ್ನು ಓದುತ್ತಾರೇನಯ್ಯಾ ಎಂದು ಕಚೇರಿಯಲ್ಲಿ ಎಲ್ಲರೂ ನಕ್ಕಿದ್ದರು. ನಲವತ್ತು ವಾಚನಾಲಯಕ್ಕೆ ಕಳಿಸಿದ್ದ. ಮೂವತ್ತೊಂಬತ್ತು ಕಡೆ ಕಟ್ಟೇ ಬಿಚ್ಚಿರಲಿಲ್ಲ. ಈ ಬೀದಿಯ ಲೆಕ್ಕವನ್ನು ಮೊನ್ನೆ ಮೀಟಿಂಗಿನಲ್ಲಿ ಎಲ್ಲರಿಗೂ ತೋರಿಸಿ ಬಂದಿದ್ದ.

"ಹಾಗಾದರೆ ಇಲ್ಲೂ ಯಾರೂ ಓದಿಲ್ಲ," ಎಂದು ಟ್ಯಾಬು ಕೈಗೆತ್ತಿಕೊಂಡ.

ಪ್ರೇಮಲತಾ ಕಂಬಕ್ಕೆ ಒರಗಿದಳು.

"ಒಂದು ಗಳಿಗೆ ತಡಿಯಪ್ಪ," ಎಂದ ಕಾಮಣ್ಣ. ಪುಸ್ತಕ ತೆಗೆದಿಟ್ಟ, ಹಲಗೆ ತೆಗೆದ, ಧೋತರಕ್ಕೆ ಎರಡೂ ಕೈ ಒರೆಸಿಕೊಂಡು ಸೀರೆಯ ಎರಡು ಮಡಿಕೆ ಬಿಚ್ಚಿದ. ಕಡುನೀಲಿ ಒಡಲು. ಅಂಚಿನುದ್ದಕ್ಕೂ ಜರಿಯ ಕಂಬಗಳು, ಎತ್ತರ, ಗಿಡ್ಡ, ಎತ್ತರ.

ಮಾರುತೇಶ ಬಗ್ಗಿ ನೋಡಿದ. ಆಮೇಲೆ ಮಂಡಿಯೂರಿ ಕೂತು ನೋಡಿದ. ಪುಸ್ತಕ ಎಳೆದುಕೊಂಡು, ಜವಳಿ ಅಂಗಡಿಯ ಕಂಬಗಳಿದ್ದ ಇನ್ನೂರ ಹನ್ನೆರಡನೇ ಪುಟ ತೆಗೆದು ಅಂಚಿನ ಪಕ್ಕಕ್ಕಿಟ್ಟ. ಬೆರಳಿಟ್ಟು ಎಣಿಸಿದ, ಮತ್ತೆ ಎಣಿಸಿದ.

"ತಾತ, ಒಂದು ಹೆಚ್ಚಾಗೈತಲ್ಲ," ಎಂದ. ಇಷ್ಟು ಹೊತ್ತಿನ ಕಚೇರಿ ಮಾತು ಅವನ ಬಾಯಿಂದ ಇಳಿದುಹೋಗಿತ್ತು. "ಪುಸ್ತಕದಾಗೆ ಹನ್ನೆರಡು. ನಿಮ್ಮದ್ರಾಗೆ ಹದಿಮೂರು."

"ಹೆಚ್ಚಾಗಿಲ್ಲ. ಪುಸ್ತಕದೋರು ಒಂದು ಬಿಟ್ಟವ್ರೆ."

"ಯಾವುದು?"

"ಅಧಿಕ ಮಾಸ. ಮೂರು ವರ್ಷಕ್ಕೊಂದ್ಸಲ ಬರಲ್ವಾ? ಆ ತಿಂಗ್ಳು ಮುಹೂರ್ತ ಇಲ್ಲ, ಮದುವೆ ಇಲ್ಲ, ಸೀರೆ ಕೇಳೋರಿಲ್ಲ. ಈ ಪುಸ್ತಕ ನಂಬ್ಕಂಡು ಅಂಗಡಿಯವನು ಮಾಲು ತರಿಸಿದ್ರೆ ಆ ವರ್ಷ ಗಲ್ಲಾದ ಮೇಲೆ ಕುಂತು ನೊಣ ಹೊಡೀಬೇಕು. ಒಂದ್ಸಲ ಜೇಷ್ಠದಾಗೆ ಬರ್ತೈತೆ, ಒಂದ್ಸಲ ಶ್ರಾವಣದಾಗೆ. ಜಾಗ ಗೊತ್ತಿಲ್ಲ ಅಂತ ಕೊನೇಗಿಟ್ಟೆ."

ಕೊನೆಯ ಕಂಬ ಹೆಬ್ಬೆರಳಿನ ಉಗುರಿನಷ್ಟೇ ಇತ್ತು.

"ನಾನು ಅವಾಗ್ಲೇ ಅಂದೆ," ಎಂದಳು ಕಾಫಿ ತಂದ ನಾಗಕ್ಕ. "ಇದ್ಯಾವುದು ಮೋಟುಕಂಬ, ತೆಗೀ ಅಂತ. ಕೇಳ್ಲಿಲ್ಲ ಮಾರಾಯ. ಸುಳ್ಳು ನೇಯಲ್ಲ ಅಂದ."

ಮಾರುತೇಶ ಕಾಫಿ ಕುಡಿದ. ಲೋಟ ದೂರ ಇಟ್ಟು, ಟ್ಯಾಬಿನಲ್ಲಿ ಏನೋ ಬರೆದು ಪ್ರೇಮಲತಾಳ ಕಡೆ ತಿರುಗಿಸಿದ. ಓದುಗರು ಎಂಬುದರ ಮುಂದೆ 'ಒಬ್ಬರು' ಎಂದಿತ್ತು.

"ಒಬ್ಬರು ಸಾಕಾಗ್ತದಾ ಸಾರ್?" ಎಂದಳು ಅವಳು.

"ಮೂವತ್ತೊಂಬತ್ತು ಕಡೆ ಸೊನ್ನೆ ಐತೆ ಮೇಡಂ. ಅವುಗಳ ಪಕ್ಕ ಒಂದು ನಿಲ್ಲಿಸಿದ್ರೆ ಎತ್ತರನೇ ಕಾಣ್ತೈತೆ. ನಾಳೆ ಬಾಗಿಲು ತೆಗೀರಿ."

ಓಬಳೇಶ್ ಕಾಮಣ್ಣನ ಕಿವಿಯ ಹತ್ತಿರ ಬಂದ. "ಲೇ ಮಾವ, ಓದಿದ್ದು ನಮಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ದು ಭಾರ ಎಷ್ಟೈತೆ ಅಂತ."

ಹೊರಡುವ ಮೊದಲು ಮಾರುತೇಶ ವಾಚನಾಲಯಕ್ಕೆ ಬಂದು, ಕಾಮಣ್ಣನ ಹೆಸರಿನ ಕೆಳಗೆ ತನ್ನ ಹೆಸರು ಬರೆಸಿ, ಅದೇ ಪುಸ್ತಕವನ್ನು ತೆಗೆದುಕೊಂಡ. ಒಂದು ವಾರದಲ್ಲಿ ತಂದುಕೊಡಬೇಕೆಂದು ಪ್ರೇಮಲತಾ ಎಲ್ಲರಿಗೂ ಹೇಳುವ ಹಾಗೆ ಅವನಿಗೂ ಹೇಳಿದಳು. ಸೀರೆಯ ಭಾರ ಹೋಯಿತಲ್ಲ. ಜೊತೆಗೆ ಬಂದಿದ್ದ ಕಾಮಣ್ಣ ಕಪಾಟಿನ ಮುಂದೆ ನಿಂತು ವ್ಯಾಪಾರದ ಹೊಸತನದ ಪುಸ್ತಕವನ್ನು ಅಂಗೈ ಮೇಲಿಟ್ಟು ತೂಗಿದ. "ಇದೂ ನಡೀತೈತೆ," ಎಂದ.

ಅದೇ ದಿನ, ಕಾರ್ತೀಕದ ಮೂರನೇ ಗುರುವಾರ, ಸಂಜೆ ನಾಲ್ಕರ ಚಳ್ಳಕೆರೆ ಬಸ್ಸಿಗೆ ಮಾರುತೇಶ ಹೋದ. ಕಿಟಕಿಯ ಪಕ್ಕದ ಸೀಟು; ತೊಡೆಯ ಮೇಲೆ ಪುಸ್ತಕ, ಅದರ ಪುಟಗಳ ನಡುವಿನಿಂದ ಹೊರಬಿದ್ದ ಒಂದು ನೀಲಿ ರೇಷ್ಮೆ ಎಳೆ ಗಾಳಿಗೆ ಆಡುತ್ತಿತ್ತು.